ಹಗ್ಗದ ಸಾಲಿನಲ್ಲಿ ಉದ್ಯಾನ

ನಮ್ಮೂರಿನ ಕೆರೆ ಏರಿಯ ಕೆಳಗೆ, ಹುಣಸೆಮರದಿಂದ ಹಳೆಯ ಕಲ್ಲುಕಂಬದವರೆಗೆ, ಗೆರೆ ಎಳೆದಂತೆ ನೇರವಾದ ಒಂದು ಪಟ್ಟಿ ಜಾಗವಿದೆ. ಅದನ್ನು ಎಲ್ಲರೂ ಹಗ್ಗದ ಸಾಲು ಎಂದೇ ಕರೆಯುತ್ತಾರೆ. ಈಗ ಅದರ ಬಾಯಲ್ಲಿ ಒಂದು ಹಸಿರು ಬೋರ್ಡು ನಿಂತಿದೆ: ಹಿರಿಯ ನಾಗರಿಕರ ಚಟುವಟಿಕೆ ಉದ್ಯಾನ. ಕೆಳಗೆ ನಾವು ಏನೇನು ಮಾಡಬಹುದು ಎಂದು ಬರೆಸಿದ್ದಾರೆ. ನಡೆಯಬಹುದು. ನಗಬಹುದು. ದೀರ್ಘವಾಗಿ ಉಸಿರಾಡಬಹುದು. ಸಮವಯಸ್ಕರೊಡನೆ ಮಾತಾಡಬಹುದು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಿಧಾನವಾಗಿ ಓದುತ್ತೇನೆ, ಆದರೆ ಪೂರ್ತಿ ಓದುತ್ತೇನೆ. ಮೇಲಿಂದ ಕೆಳಗೆ ಓದಿದೆ, ಮತ್ತೆ ಓದಿದೆ. ದುಡಿಯಬಹುದು ಎಂದು ಎಲ್ಲೂ ಇರಲಿಲ್ಲ.

ಸರ್ಕಾರ ಮುದುಕರಿಗೆ ಮಾಡಿದ್ದನ್ನು ಮಾಡಿಲ್ಲ ಎನ್ನುವವನು ನಾನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅರಸೀಕೆರೆಯ ಶಿಬಿರದಲ್ಲಿ ನನ್ನ ಎಡಗಣ್ಣಿನ ಪೊರೆ ತೆಗೆದರು. ಮಾರನೆಯ ದಿನ ಹೆಂಡತಿಯ ಮುಖ ನೋಡಿ, ಇವಳಿಗೆ ಇಷ್ಟು ವಯಸ್ಸಾಗಿದ್ದು ಯಾವಾಗ ಎಂದು ಬೆರಗಾದೆ. ಬಸ್ಸಿನಲ್ಲಿ ನನಗೆ ಟಿಕೆಟ್ ಕಡಿಮೆ, ಅವಳಿಗೆ ಪುಕ್ಕಟೆ. ಹಗ್ಗದ ಹೊರೆಯನ್ನು ಅವಳ ತೊಡೆಯ ಮೇಲಿಟ್ಟು ಇಬ್ಬರೂ ಬೇಲೂರಿಗೆ, ಹಳೇಬೀಡಿಗೆ ಹೋಗಿ ಬರುತ್ತೇವೆ. ಕೊಟ್ಟಿದ್ದಕ್ಕೆ ಕೈ ಮುಗಿಯುತ್ತೇನೆ. ಕಿತ್ತುಕೊಂಡು ಕೊಟ್ಟರೆ ಕೈ ಮುಗಿಯುವುದಿಲ್ಲ.

ನಮ್ಮದು ತೆಂಗಿನ ಸೀಮೆ. ಕಾಯಿ ಕೊಬ್ಬರಿಯಾಗಿ ಮಂಡಿಗೆ ಹೋಗುತ್ತದೆ, ಸಿಪ್ಪೆ ತೋಟದ ಮೂಲೆಯಲ್ಲಿ ಬೀಳುತ್ತದೆ. ಆ ಸಿಪ್ಪೆಯಿಂದ ಬದುಕಿದವರು ನಾವು. ಕೆರೆಯ ಅಂಚಿನಲ್ಲಿ ನೆನೆಹಾಕಿ, ಬಡಿದು, ನಾರು ತೆಗೆದು, ಮನೆಯ ಜಗಲಿಯ ರಾಟೆಯಲ್ಲಿ ಎಳೆ ಮಾಡುತ್ತೇವೆ. ಇಷ್ಟಕ್ಕೆ ಜಗಲಿ ಸಾಕು. ಆದರೆ ಎಳೆ ಹಗ್ಗವಾಗುವುದು ಬಯಲಲ್ಲಿ. ಮೂರು ಎಳೆಗಳನ್ನು ಉದ್ದಕ್ಕೆ ಬಿಗಿಯಾಗಿ ಎಳೆದು, ಒಂದು ತುದಿಯಲ್ಲಿ ಮೂರನ್ನೂ ಸೇರಿಸಿ ಕೊಕ್ಕೆಗೆ ಸಿಕ್ಕಿಸಿ ತಿರುಗಿಸಬೇಕು. ಎಳೆಗಳ ನಡುವೆ ಗೀರು ಕೊರೆದ ಒಂದು ಮರದ ಗುಂಡು. ಅದನ್ನು ಹಿಡಿದವನು ಹಗ್ಗದ ಮೇಲೆಯೇ ಕಣ್ಣಿಟ್ಟು ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಹೋಗಬೇಕು. ಅವನು ಹಿಂದೆ ಸರಿದಷ್ಟೂ ಮುಂದೆ ಹಗ್ಗ ಹುಟ್ಟುತ್ತದೆ. ಸಾಲು ಎಷ್ಟು ಉದ್ದವೋ ಹಗ್ಗ ಅಷ್ಟು ಉದ್ದ. ನಮ್ಮಪ್ಪ ಆ ಸಾಲಿನಲ್ಲಿ ಹಿಂದಕ್ಕೆ ನಡೆದ. ಅವನ ಕಾಲು ಸೋತಾಗ ನಾನು ನಡೆದೆ. ಮುಂದೆ ನೋಡಿ ನಡೆದದ್ದಕ್ಕಿಂತ ಹಿಂದೆ ನಡೆದದ್ದೇ ನನ್ನ ಬದುಕಿನಲ್ಲಿ ಹೆಚ್ಚು. ಹಾಗೆಂದು ಎಲ್ಲೂ ಎಡವಿ ಬಿದ್ದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಹುರಿ ಏರುತ್ತಿರುವ ಹಗ್ಗವನ್ನು ನಮ್ಮಲ್ಲಿ ಯಾರೂ ದಾಟುವುದಿಲ್ಲ. ದಾಟಿದರೆ ಆ ಹಗ್ಗ ಕಟ್ಟಿದ ಹಸು ಕರುವನ್ನು ಒದೆಯುತ್ತದೆ ಎನ್ನುತ್ತಾರೆ. ನಿಜವೋ ಸುಳ್ಳೋ, ಯಾರೂ ದಾಟಿ ನೋಡಿಲ್ಲ. ಅವಸರವಿದ್ದವನು ಮರ ಸುತ್ತಿ ಹೋಗುತ್ತಾನೆ. ಇಲ್ಲದವನು ನಿಂತು ಮಾತಾಡುತ್ತಾನೆ.

ಜೆಸಿಬಿ ಬಂದ ದಿನ ನಾನೂ ಹೆಂಡತಿಯೂ ಮಾದಿಹಳ್ಳಿಯಲ್ಲಿದ್ದೆವು. ಅಲ್ಲಿ ಹಸು ಸಾಕುವವರು ಹೆಚ್ಚು. ನೈಲಾನ್ ಹಗ್ಗ ಎಳೆಗರುವಿನ ಕೊರಳು ಕುಯ್ಯುತ್ತದೆ ಎಂದು ನಾರಿನ ಹಗ್ಗವನ್ನೇ ಕೇಳುತ್ತಾರೆ. ಕೊಟ್ಟು, ಊಟ ಮಾಡಿ, ಸಂಜೆ ಬಂದು ನೋಡಿದರೆ ಎಳೆ ಕಟ್ಟುವ ನಮ್ಮ ಗೂಟಗಳು ಕಿತ್ತು ಮೂಲೆಗೆ ಬಿದ್ದಿದ್ದವು. ನೆಲ ಸಮ ಮಾಡಿದ್ದರು. ಪಂಚಾಯ್ತಿ ಮೆಂಬರ್ ಅಲ್ಲೇ ನಿಂತಿದ್ದ.

"ಏನ್ಲಾ ಇದು?" ಎಂದೆ.

"ಪಾರ್ಕು ಕಣಣ್ಣ. ನಿಮ್ಮಂಥ ಹಿರಿಯರಿಗೋಸ್ಕರಾನೇ."

"ನನ್ನ ಒಂದ್ ಮಾತು ಕೇಳಿದ್ಯಾ?"

"ಕೇಳಿದ್ರೆ ನೀವು ಬ್ಯಾಡ ಅಂತಿದ್ರಿ."

"ನಾನು ಬ್ಯಾಡ ಅನ್ನೋದು ನನಗೋಸ್ಕರ ಹೆಂಗ್ಲಾ ಆಯ್ತದೆ?"

ಅವನು ನಕ್ಕ. ಒಳ್ಳೆಯವನೇ, ಕೆಟ್ಟ ಬುದ್ಧಿಯಿಂದ ಮಾಡಿದ್ದಲ್ಲ. ಖಾಲಿ ಜಾಗ ಎಂದುಕೊಂಡ. ಹಗ್ಗ ಸುತ್ತಿ ಮನೆಗೆ ಒಯ್ದ ಮೇಲೆ ಹಗ್ಗದ ಸಾಲು ಖಾಲಿಯಾಗಿಯೇ ಕಾಣುತ್ತದೆ. ನಾವು ಗೋಡೆ ಕಟ್ಟಿರಲಿಲ್ಲ, ಬೇಲಿ ಹಾಕಿರಲಿಲ್ಲ. ಅದೇ ನಮ್ಮ ತಪ್ಪಾಯಿತು.

ಮನೆ ಮುಂದಿನ ಬೀದಿಯಲ್ಲಿ ಹೊಸೆದು ನೋಡಿದೆವು. ಅರ್ಧ ಹುರಿಯಾಗುವಷ್ಟರಲ್ಲಿ ಬೈಕು, ಆಟೋ, ಹಾಲಿನ ಟೆಂಪೊ. ಒಬ್ಬೊಬ್ಬರಿಗೂ ಕೊಕ್ಕೆ ಬಿಚ್ಚಿ ದಾರಿ ಕೊಟ್ಟರೆ ಹುರಿ ಇಳಿದು ಎಳೆ ಮುದುಡುತ್ತದೆ. ಕರು ಕಟ್ಟುವ ಗಿಡ್ಡ ಹಗ್ಗ ಮಾತ್ರ ಆಗುತ್ತಿತ್ತು. ಗಾಡಿಗೆ ಹುಲ್ಲಿನ ಹೊರೆ ಬಿಗಿಯುವ ಹಗ್ಗ, ಬಾವಿ ಹಗ್ಗ, ಮರ ಇಳಿಸುವ ಹಗ್ಗ ಕೇಳಿ ಬಂದವರನ್ನು ವಾಪಸ್ ಕಳಿಸಿದೆ. ಉದ್ದ ಹಗ್ಗ ಮಾಡದವನು ಹಗ್ಗದವನೇ ಅಲ್ಲ. ಸಾಲು ಕೈತಪ್ಪಿದರೆ ನಾನು ಜಗಲಿಯ ಮೇಲೆ ಕೂತು ಹೋಗಿಬರುವವರನ್ನು ಎಣಿಸುವ ಮುದುಕನಾಗುತ್ತೇನೆ. ಅದು ನನಗೆ ಬೇಕಿರಲಿಲ್ಲ.

ಪಾರ್ಕು ಮುಗಿಯಿತು. ಹುಣಸೆಮರದಿಂದ ಕಲ್ಲುಕಂಬದವರೆಗೆ, ನಮ್ಮ ಸಾಲಿನ ಮೇಲೆಯೇ, ಸಿಮೆಂಟು ಇಟ್ಟಿಗೆಯ ನಡಿಗೆ ದಾರಿ. ಪಕ್ಕದಲ್ಲಿ ಬಣ್ಣ ಬಳಿದ ಕಬ್ಬಿಣದ ಯಂತ್ರಗಳು. ಒಂದರ ಮೇಲೆ ನಿಂತರೆ ಕಾಲು ಗಾಳಿಯಲ್ಲಿ ಹಿಂದೆ ಮುಂದೆ ಆಡುತ್ತದೆ, ಎಲ್ಲಿಗೂ ಹೋಗುವುದಿಲ್ಲ. ರಿಟೈರ್ ಆದ ಬಸ್ ಕಂಡಕ್ಟರ್ ಒಬ್ಬ ದಿನಾ ಅದರ ಮೇಲೆ ನಿಂತು, "ಹೋಲ್ಡಾನ್, ಸ್ಟಾಪ್ ಬರ್ಲಿಲ್ಲ" ಎನ್ನುತ್ತಿದ್ದ. ಹಿಟ್ಟಿನ ಗಿರಣಿ ನಡೆಸುತ್ತಿದ್ದ ಅಕ್ಕ ಬರುತ್ತಿದ್ದಳು. ನಮ್ಮೆಲ್ಲರಿಗಿಂತ ದೊಡ್ಡವಳು, ಗಿರಣಿಯ ಸದ್ದಿನಲ್ಲಿ ಬದುಕಿ ಈಗಲೂ ಕೂಗಿಯೇ ಮಾತಾಡುತ್ತಾಳೆ. ಡೈರಿಯಲ್ಲಿ ಹಾಲು ಅಳೆಯುತ್ತಿದ್ದವನು ಬೆಂಚಿನಲ್ಲಿ ತೂಕಡಿಸುತ್ತಿದ್ದ. ಯಂತ್ರಗಳನ್ನು ಮೊದಲ ವಾರ ಎಲ್ಲರೂ ಆಡಿಸಿದರು. ಆಮೇಲೆ ಅವುಗಳ ಮೇಲೆ ಟವೆಲ್ ಒಣಗತೊಡಗಿತು.

ನಾನು ಹಟ ಹಿಡಿದು ಒಳಗೆ ಕಾಲಿಟ್ಟಿರಲಿಲ್ಲ. ಒಂದು ಬೆಳಗ್ಗೆ ಹೆಂಡತಿ ಓಡಿ ಬಂದಳು.

"ಏನ್ರೀ, ಬನ್ನಿ ಇಲ್ಲಿ. ನಿಮ್ ಸರ್ಕಾರ ನಮಗೆ ರಾಟೆ ಹಾಕ್ಸೈತೆ."

ತೋಳಿನ ವ್ಯಾಯಾಮಕ್ಕೆಂದು ಒಂದು ಚಕ್ರ ನಿಲ್ಲಿಸಿದ್ದರು. ಹಿಡಿ ಹಿಡಿದು ಸುಮ್ಮನೆ ತಿರುಗಿಸಬೇಕು, ಅಷ್ಟೇ. ನಿಂತಿದ್ದು ದಾರಿಯ ಹುಣಸೆಮರದ ತುದಿಯಲ್ಲಿ, ನಮ್ಮ ಕೊಕ್ಕೆ ಇರುತ್ತಿದ್ದ ಜಾಗದಲ್ಲೇ, ಕಲ್ಲುಕಂಬಕ್ಕೆ ಎದುರಾಗಿ. ಯಾವ ಎಂಜಿನಿಯರ್ ನಿಲ್ಲಿಸಿದನೋ, ಅವನ ಹೊಟ್ಟೆ ತಣ್ಣಗಿರಲಿ. ತಿರುಗಿಸಿ ನೋಡಿದೆ. ಎಳೆ ತೆಗೆಯಲು ನಿಧಾನ. ಹಗ್ಗ ಕೂಡಿಸಲು ಹೇಳಿ ಮಾಡಿಸಿದ ಹಾಗೆ. ಮನೆಗೆ ಹೋಗಿ ಕೊಕ್ಕೆ ತಂದು ಚಕ್ರದ ನಡುಮಧ್ಯದ ಬೋಲ್ಟಿಗೆ ಬಿಗಿದೆ.

ಗೂಟಗಳಿರಲಿಲ್ಲ. ಕಂಬದ ತುದಿಯಲ್ಲಿ ಮೂರು ಎಳೆ ಹಿಡಿಯಲು ಮೂವರು ಬೇಕಿತ್ತು. ಕಂಡಕ್ಟರ್ ಒಂದು ಹಿಡಿದ, ಗಿರಣಿ ಅಕ್ಕ ಒಂದು, ಹಾಲಿನವನನ್ನು ಎಬ್ಬಿಸಿ ಅವನ ಕೈಗೊಂದು. ಹುರಿ ಏರಿದಂತೆ ಹಗ್ಗ ಕುಗ್ಗುತ್ತದೆ, ಹಿಡಿದವರನ್ನು ಎಳೆಯುತ್ತದೆ. ಒಮ್ಮೆಗೇ ಬಿಡಬಾರದು, ಜಗ್ಗಲೂಬಾರದು. ಹಿಮ್ಮಡಿ ಊರಿ, ಇಷ್ಟಿಷ್ಟೇ ಬಿಟ್ಟುಕೊಡುತ್ತ ಮುಂದೆ ಬರಬೇಕು.

"ಅಯ್ಯಯ್ಯೋ, ಎಳೀತೈತೆ ಕಣೋ!" ಅಕ್ಕ ಕೂಗಿದಳು.

"ಎಳೀಲಿ ಬಿಡಕ್ಕ, ನಿನ್ನ ಯಾರಾದ್ರೂ ಎಳ್ದು ಎಷ್ಟು ವರ್ಷ ಆಯ್ತೋ" ಎಂದ ಕಂಡಕ್ಟರ್.

"ಥೂ ನಿನ್ನ, ಹಲ್ಲಿಲ್ಲದಿದ್ರೂ ನಾಲಿಗೆ ಐತೆ ನೋಡು!"

ನನ್ನ ಹೆಂಡತಿ ಚಕ್ರ ತಿರುಗಿಸಿದಳು. ನಾನು ಗುಂಡು ಹಿಡಿದು ಹಿಂದಕ್ಕೆ ನಡೆದೆ. ಅಂಗಾಲಿಗೆ ಮಣ್ಣಿನ ಬದಲು ಸಿಮೆಂಟು ಸಿಕ್ಕಿತು. ಸಾಲು ಮಾತ್ರ ಅದೇ. ಕಂಡಕ್ಟರ್ ಅಲ್ಲಿಂದ "ರೈಟ್, ರೈಟ್, ಹಿಂದೆ ಬನ್ನಿ, ಜಾಗ ಐತೆ" ಎಂದು ಕೂಗುತ್ತಿದ್ದ. ಹಗ್ಗ ಮುಗಿದಾಗ ನಾಲ್ವರೂ ಬೆವರಿದ್ದರು. ಬೋರ್ಡಿನಲ್ಲಿ ಬರೆದದ್ದೆಲ್ಲ, ನಡಿಗೆ, ನಗು, ದೀರ್ಘ ಉಸಿರು, ಒಂದೂ ಬಿಡದೆ ಆಗಿತ್ತು. ಮಾರನೆಯ ಬೆಳಗ್ಗೆ ಕರೆಯದೆಯೇ ಬಂದರು. ಹಾಲಿನವನು ಎಲ್ಲರಿಗಿಂತ ಮೊದಲೇ ಬಂದು ತನ್ನ ತುದಿಯಲ್ಲಿ ನಿಂತಿದ್ದ.

ಪಂಚಾಯ್ತಿಯ ಅಧಿಕಾರಿ ಎಳೆಯ ಹುಡುಗ, ಹೊರಗಿನಿಂದ ಬಂದವನು, ಮರ್ಯಾದಸ್ಥ. ಕೊಕ್ಕೆ ನೋಡಿ ಮುಖ ಸಪ್ಪೆ ಮಾಡಿಕೊಂಡ.

"ಯಜಮಾನ್ರೇ, ಇದು ವ್ಯಾಯಾಮಕ್ಕೆ ಕೊಟ್ಟಿರೋದು. ಕೆಲಸ ಮಾಡೋಕಲ್ಲ."

"ತೋಳು ಆಡ್ತಾ ಐತಲ್ಲಪ್ಪ. ತೋಳಿಗೇನು ಗೊತ್ತು, ಅದು ವ್ಯಾಯಾಮವೋ ಕೆಲಸವೋ ಅಂತ?"

"ಹಾಗಲ್ಲ. ಈ ವಯಸ್ಸಲ್ಲಿ ನಿಮ್ಮನ್ನ ದುಡಿಸ್ತಿದೀವಿ ಅಂತ ಯಾರಾದ್ರೂ ಫೋಟೊ ಹಾಕಿದ್ರೆ ನನ್ನ ಕೆಲಸ ಹೋಗುತ್ತೆ."

"ಯಾರೂ ದುಡಿಸ್ತಾ ಇಲ್ಲ. ದುಡೀತಾ ಇದೀವಿ."

ಅವನಿಗೆ ಈ ಎರಡರ ವ್ಯತ್ಯಾಸ ತಿಳಿಯಲಿಲ್ಲ. ಅಥವಾ ತಿಳಿದಿದ್ದರೂ ಅವನ ನಿಯಮದಲ್ಲಿ ಅದಕ್ಕೆ ಜಾಗವಿರಲಿಲ್ಲ. ವಾರ ಕಳೆಯುವುದರಲ್ಲಿ ಚಕ್ರಕ್ಕೆ ಚೈನು ಸುತ್ತಿ ಬೀಗ ಹಾಕಿಸಿದ. ನನ್ನ ಕೊಕ್ಕೆಯನ್ನು ಪೇಪರಿನಲ್ಲಿ ಸುತ್ತಿ ಮನೆಗೇ ತಂದುಕೊಟ್ಟ, ಅಷ್ಟು ಮರ್ಯಾದೆ. ಜೊತೆಗೆ ಒಂದು ದಾರಿಯನ್ನೂ ಹೇಳಿದ. ವಾರಕ್ಕೊಂದು ಬೆಳಗ್ಗೆ ಹಿರಿಯರ ಕರಕುಶಲ ಹವ್ಯಾಸ ಎಂದು ಕಾರ್ಯಕ್ರಮ ಮಾಡಬಹುದು. ಸ್ವಲ್ಪ ಹೊತ್ತು ಹೊಸೆದು ತೋರಿಸುವುದು, ಫೋಟೊ ತೆಗೆಯುವುದು, ಕಾಫಿ ಕುಡಿಯುವುದು. ಮಾರುವ ಹಾಗಿಲ್ಲ.

"ಹವ್ಯಾಸ ಅಂದ್ರೇನು?" ಎಂದೆ.

"ಅಂದ್ರೆ... ಹೊತ್ತು ಹೋಗೋಕೆ ಮಾಡೋದು."

"ನನಗೆ ಹೊತ್ತೇ ಸಾಲ್ತಾ ಇಲ್ಲ ಕಣಪ್ಪ" ಎಂದು ಕಳಿಸಿದೆ.

ಅವನು ಹೋದ ಮೇಲೆ ಒಳಗಿನಿಂದ ಪಾತ್ರೆಯ ಸದ್ದು ಜೋರಾಯಿತು. ಹೆಂಡತಿ ಹೊರಗೆ ಬಂದಳು.

"ಹೂಂ ಅಂದಿದ್ರೆ ನಿಮ್ ಗಂಟೇನು ಹೋಗ್ತಿತ್ತು? ವಾರಕ್ಕೊಂದ್ ದಿನವಾದ್ರೂ ಸಾಲು ಸಿಕ್ತಿತ್ತು. ಮೂರು ಜನ ಮುದುಕ್ರು ಬೆಳಗ್ಗೆ ಎದ್ದು ಬತ್ತಿದ್ರು. ಅವರಿಗೇನು ಹೇಳ್ತೀರ ಈಗ?"

"ಹೊಸೆದು ತೋರ್ಸಿ ಬಿಚ್ಚಾಕಕ್ಕೆ ನಾನೇನು ಮಂಗನ ಕುಣಿಸೋನಾ?"

"ನಿಮ್ ಜಂಭಕ್ಕೆ ಉದ್ದ ಹಗ್ಗ ಸಾಲಲ್ಲ ಕಣ್ರೀ!"

ಆ ದಿನ ಮುದ್ದೆ ಗಟ್ಟಿಯಾಗಿತ್ತು, ಸಾರು ತಣ್ಣಗಿತ್ತು. ಅವಳ ಮಾತಿನಲ್ಲಿ ನ್ಯಾಯವಿತ್ತು, ನನಗೆ ಗೊತ್ತಿತ್ತು. ಆದರೆ ಒಮ್ಮೆ ಹವ್ಯಾಸ ಎಂದು ಒಪ್ಪಿಕೊಂಡರೆ ನಾಳೆ ಮಾದಿಹಳ್ಳಿಯವನು ಹಗ್ಗ ಕೇಳಿದಾಗ ಏನು ಹೇಳಲಿ? ಇದು ಹೊತ್ತು ಹೋಗಲು ಮಾಡಿದ್ದು, ನಿನ್ನ ಹಸುವಿನ ಭಾರ ತಡೆಯುವ ಜವಾಬ್ದಾರಿ ನನ್ನದಲ್ಲ ಎನ್ನಲೇ? ಹಳೇಬೀಡಿನ ದೇವಸ್ಥಾನದ ಮುಂದೆ ದೊಡ್ಡ ಬಸವ ಕೂತಿದೆ. ಮೈತುಂಬ ಸರ, ಗೆಜ್ಜೆ. ಹಗ್ಗ ಬೇಕಿಲ್ಲ ಅದಕ್ಕೆ, ಎದ್ದು ಹೋಗುವುದಿಲ್ಲ. ಎಲ್ಲರೂ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನನ್ನನ್ನು ಹಾಗೆ ಕೂರಿಸಿ ಅಲಂಕಾರ ಮಾಡುವುದು ಬೇಡವಾಗಿತ್ತು.

ಹಿರಿಯರ ದಿನಾಚರಣೆ ಬಂತು. ತಾಲ್ಲೂಕಿನಿಂದ ಅಧಿಕಾರಿ ಮೇಡಂ ಬಂದು ಉದ್ಯಾನ ನೋಡುತ್ತಾರೆ, ಹಿರಿಯರಿಗೆ ಶಾಲು ಹೊದಿಸುತ್ತಾರೆ ಎಂದು ಆಟೋದಲ್ಲಿ ಕೂಗಿಸಿದರು. ಅದೇ ಹೊತ್ತಿಗೆ ಹಾರನಹಳ್ಳಿಯಿಂದ ಒಬ್ಬ ತೋಟದವನು ಗಾಡಿ ಹಗ್ಗ ಬೇಕೆಂದು ಬಂದಿದ್ದ. ಹಿಂದೆ ಒಮ್ಮೆ ವಾಪಸ್ ಕಳಿಸಿದ್ದವನನ್ನೇ ಮತ್ತೆ ಹೇಗೆ ಕಳಿಸಲಿ? ಆಯಿತು, ಬಾ ಎಂದೆ. ಹೆಂಡತಿ ನನ್ನ ಮುಖ ನೋಡಿದಳು.

"ಎಲ್ಲಿ ಹೊಸೀತೀರ?"

"ನಮ್ಮ ಸಾಲಲ್ಲಿ."

"ಬೀಗ ಹಾಕವ್ರೆ."

"ಚಕ್ರಕ್ಕೆ ಹಾಕವ್ರೆ. ನಡಿಗೆ ದಾರಿಗಲ್ಲ."

ಬೆಳಗ್ಗೆ ನೋಡಿದರೆ ಜಗಲಿಯ ರಾಟೆಯನ್ನು ತೊಳೆದು, ಎಣ್ಣೆ ಬಿಟ್ಟು, ಬಾಗಿಲ ಬಳಿ ಇಟ್ಟಿದ್ದಳು. ಅದನ್ನು ಹೊತ್ತು ತಂದು ಬೀಗ ಹಾಕಿದ ಚಕ್ರದ ಪಕ್ಕದಲ್ಲೇ ನೆಟ್ಟೆವು. ಮೂವರೂ ಬಂದರು. ಮೇಡಂ ಕೈಯಿಂದ ಶಾಲು ಹೊದೆಯಲೆಂದು ಅಕ್ಕ ರೇಷ್ಮೆ ಸೀರೆ ಉಟ್ಟಿದ್ದಳು. ಸೆರಗು ಸಿಕ್ಕಿಸಿಕೊಂಡು ಎಳೆ ಹಿಡಿದಳು.

ಅರ್ಧ ಹಗ್ಗವಾಗಿತ್ತು, ಜೀಪು ಬಂತು. ಪೆಂಡಾಲು ದಾರಿಯ ಆ ಬದಿಗಿತ್ತು, ಜೀಪು ಈ ಬದಿಗೆ. ನಡುವೆ ಹುಣಸೆಮರದಿಂದ ಕಲ್ಲುಕಂಬದವರೆಗೆ, ಮೊಣಕಾಲೆತ್ತರಕ್ಕೆ, ನಮ್ಮ ಹಗ್ಗ. ಮೇಡಂ ಇಳಿದರು. ಹಿಂದೆ ಪಂಚಾಯ್ತಿಯ ಹುಡುಗ, ಮೆಂಬರ್, ಹಾರ ಹಿಡಿದವರು. ಮೆಂಬರ್ ಹಗ್ಗದ ಮುಂದೆ ಬಂದು ಗಕ್ಕನೆ ನಿಂತ. ಅವನು ನಮ್ಮೂರಿನವನು. ಅವನು ನಿಂತಿದ್ದಕ್ಕೆ ಹಾರದವರು ನಿಂತರು. ಫೋಟೊದವನು ಮಾತ್ರ ಪೇಟೆಯವನು. ಕ್ಯಾಮೆರಾ ಎತ್ತಿ ಹಿಡಿದು ಒಂದೇ ಹೆಜ್ಜೆಗೆ ದಾಟಿಬಿಟ್ಟ.

"ಏಯ್! ದಾಟ್ಬಿಟ್ನಲ್ಲೋ!" ಅಕ್ಕನ ಕೂಗಿಗೆ ಹುಣಸೆಮರದ ಕಾಗೆಗಳು ಎದ್ದವು. "ವಾಪಸ್ ಬಾ! ದಾಟಿದಂಗೇ ವಾಪಸ್ ದಾಟು!"

"ಏನಮ್ಮಾ?"

"ಬೆನ್ನು ತಿರುಗಿಸ್ಬೇಡ. ಹಂಗೇ ಹಿಂದಕ್ಕೆ ಕಾಲಿಡು. ಬಲಗಾಲು ಮೊದ್ಲು ಹೋಯ್ತಲ್ಲ, ಈಗ ಎಡಗಾಲು!"

ಪಾಪ, ಅವನು ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದು ಕೈಯಲ್ಲಿ ಪ್ಯಾಂಟು ಎತ್ತಿ, ಹಿಂದಕ್ಕೆ ಕಾಲಿಟ್ಟು ಬಂದ. ಹಾಲಿನವನು ಮೊದಲ ಬಾರಿಗೆ ಬಾಯಿಬಿಟ್ಟು, "ನಮ್ ಯಜಮಾನ್ರಿಗಿಂತ ಚೆನ್ನಾಗಿ ಹಿಂದಕ್ಕೆ ನಡೀತಾನೆ" ಎಂದ. ಮೇಡಂ ನಕ್ಕರು. ಆದರೆ ದಾಟಲಿಲ್ಲ.

"ನಮ್ಮನೇಲೂ ಹಸು ಇದ್ವು" ಎಂದರು, ತಮಗೆ ತಾವೇ ಹೇಳಿಕೊಂಡಂತೆ. ಆಮೇಲೆ ನನಗೆ: "ಎಷ್ಟು ಹೊತ್ತಾಗುತ್ತೆ?"

"ಹುರಿ ಕೂಡೋವರೆಗೂ ಆಯ್ತದೆ ಮೇಡಂ. ಅವಸರ ಇದ್ರೆ ಮರ ಸುತ್ತಿ ಹೋಗ್ಬೋದು."

ಮೇಡಂ ಹೋಗಲಿಲ್ಲ. ನಾನೂ ನಿಲ್ಲಿಸಲಿಲ್ಲ. ಪಂಚಾಯ್ತಿಯ ಹುಡುಗ ಬೆವರುತ್ತಿದ್ದ. ಹೆಂಡತಿ ರಾಟೆ ತಿರುಗಿಸುವುದನ್ನು ಬಿಡಲಿಲ್ಲ, ನಾನು ಹೆಜ್ಜೆ ಬಿಡಲಿಲ್ಲ. ಅವರ ಮುಂದೆಯೇ ಹಿಂದಕ್ಕೆ ನಡೆಯುತ್ತ ಕಂಬ ಮುಟ್ಟಿದೆ. ತುದಿ ಕಟ್ಟಿ, ಹಗ್ಗ ನೆಲಕ್ಕಿಳಿಸಿ, ಆಮೇಲೆ ಕೈ ಮುಗಿದೆ.

"ಏನು ಬೇಕು ನಿಮಗೆ?" ಎಂದರು ಮೇಡಂ.

"ಏನೂ ಬ್ಯಾಡ. ಇದ್ದಿದ್ದು ಇರ್ಲಿ. ಚಕ್ರದ ಬೀಗ ತೆಗೀರಿ. ನಾವು ಮಾಡೋದನ್ನ ಹವ್ಯಾಸ ಅನ್ಬೇಡಿ."

"ಬೀಗ ನಾನು ತೆಗೆಸೋಕಾಗಲ್ಲ. ವ್ಯಾಯಾಮದ ಸಲಕರಣೇಲಿ ಮಾರೋ ಸರಕು ಮಾಡೋ ಹಾಗಿಲ್ಲ. ನಿಯಮ ಹಾಗಿದೆ. ಸುಳ್ಳು ಭರವಸೆ ಕೊಡಲ್ಲ ನಾನು."

"ಹಂಗಾದ್ರೆ ನಿಯಮ ಬರ್ದೋರ್ಗೆ ಹೇಳಿ. ಅರವತ್ತಾದ ಮೇಲೆ ಕೈಕಾಲು ಆಡಿಸ್ತಾ ಇರ್ಬೇಕು ಅಂತೀರಿ, ಸರಿ. ಆಡಿಸಿದ ಕೈಯಿಂದ ಏನಾದ್ರೂ ಹುಟ್ಟಿದ್ರೆ ತಪ್ಪು ಅಂತೀರಿ. ಗಾಳೀಲಿ ತಿರುಗ್ಸಿದ್ರೆ ಆರೋಗ್ಯ, ಹಗ್ಗ ಸಿಕ್ಸಿ ತಿರುಗ್ಸಿದ್ರೆ ಅಪರಾಧ. ನಾವು ಮುದುಕ್ರು ಮೇಡಂ, ಬೊಂಬೆಗಳಲ್ಲ."

ಪಂಚಾಯ್ತಿಯ ಹುಡುಗ ನನ್ನ ತೋಳು ಮುಟ್ಟಿ, "ಯಜಮಾನ್ರೇ, ಸಾಕು" ಎಂದ. ನನ್ನ ಹೆಂಡತಿ ರಾಟೆಯ ಬಳಿಯಿಂದಲೇ, "ಮಾತಾಡ್ಲಿ ಬಿಡಪ್ಪ, ಮನೇಲಿ ಕೇಳಿ ಕೇಳಿ ನನಗೆ ಸಾಕಾಗೈತೆ" ಎಂದಳು.

ಮೇಡಂ ದಾರಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಆಮೇಲೆ ಹುಡುಗನಿಗೆ ಹೇಳಿದರು, "ಇದು ನಡಿಗೆ ದಾರಿ ತಾನೇ? ಹಿರಿಯರು ಇದರಲ್ಲಿ ನಡೀಬೇಕು ಅಂತಲೇ ಮಾಡಿರೋದು. ಮುಂದಕ್ಕೆ ನಡೀಬೇಕು, ಹಿಂದಕ್ಕೆ ನಡೀಬಾರದು ಅಂತ ನಾನೆಲ್ಲೂ ಓದಿಲ್ಲ. ಕೈಯಲ್ಲಿ ಏನು ಹಿಡ್ಕೊಂಡು ನಡೀತಾರೆ ಅನ್ನೋದು ಅವರಿಗೆ ಬಿಟ್ಟಿದ್ದು. ಬೆಳಗಿನ ಹೊತ್ತು ಯಾರೂ ತಡೀಬೇಡಿ."

ಬರೆದು ಕೊಡುತ್ತೀರಾ ಎಂದು ನಾನು ಕೇಳಲಿಲ್ಲ. ನಮ್ಮ ಸಾಲನ್ನು ನಮಗೆ ಬರೆದು ಕೊಡಲು ಯಾರಿಗೂ ಅಧಿಕಾರವಿಲ್ಲ ಎಂದುಕೊಂಡೆ. ಶಾಲು ಹೊದಿಸಿದರು. ಅಕ್ಕ ಅದನ್ನು ಮಡಿಸಿ, ಎಳೆ ಹಿಡಿದು ಕೆಂಪಾದ ಅಂಗೈಗೆ ಸುತ್ತಿಕೊಂಡಳು.

ಚಕ್ರ ಇನ್ನೂ ಬೀಗದಲ್ಲಿದೆ. ಮಳೆಗೆ ಚೈನು ತುಕ್ಕು ಹಿಡಿದಿದೆ. ಅದರ ಪಕ್ಕದಲ್ಲಿ ನಮ್ಮ ರಾಟೆ ದಿನಾ ತಿರುಗುತ್ತದೆ. ಮಂಡಿನೋವು ಬರುವುದಿಲ್ಲವೆಂದಲ್ಲ, ಬರುತ್ತದೆ. ಹೆಂಡತಿ ಎಣ್ಣೆ ತಿಕ್ಕುತ್ತ ಬೈಯುತ್ತಾಳೆ, ಬೆಳಗ್ಗೆ ನನಗಿಂತ ಮೊದಲು ರಾಟೆ ಎತ್ತುತ್ತಾಳೆ. ಹಾಲಿನವನು ಈಗ ಬೆಂಚಿನಲ್ಲಿ ಕೂರುವುದಿಲ್ಲ. ಕಳೆದ ಸಲ ಮಾಲೇಕಲ್ಲು ಬೆಟ್ಟ ಹತ್ತಿ ಬಂದು, ಮೆಟ್ಟಿಲು ಸುಲಭ, ಹಗ್ಗವೇ ಕಷ್ಟ ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ.

ಮೊನ್ನೆ ಪಂಚಾಯ್ತಿಯ ಹುಡುಗ ಬೆಳಗ್ಗೆ ಬಂದ. ಹಿರಿಯರು ಉದ್ಯಾನವನ್ನು ಬಳಸುತ್ತಿರುವ ಫೋಟೊ ಮೇಲಿನವರಿಗೆ ಕಳಿಸಬೇಕಂತೆ. ಬೋರ್ಡಿನ ಕಡೆಯಿಂದ ತೆಗೆದರೆ ಬೀಗದ ಚಕ್ರ ಕಾಣುತ್ತದೆ, ಹಗ್ಗದ ಆಚೆ ಬದಿಗೆ ಹೋಗಬೇಕಿತ್ತು. ಹಗ್ಗ ಬಿಗಿಯಾಗಿ ನಿಂತಿತ್ತು. ನಾನು ಗುಂಡು ಹಿಡಿದು ಹಿಂದಕ್ಕೆ ಬರುತ್ತಿದ್ದೆ, ನಿಲ್ಲಲಿಲ್ಲ. ಅವನು ಹಗ್ಗದವರೆಗೆ ಬಂದ, ಕಾಲಿನ ಕಡೆ ನೋಡಿಕೊಂಡ, ಅಕ್ಕನ ಕಡೆ ನೋಡಿದ. ಅಕ್ಕ ತನ್ನ ಎಳೆಯನ್ನೇ ನೋಡುತ್ತಿದ್ದಳು. ಫೋನನ್ನು ಜೇಬಿಗಿಟ್ಟುಕೊಂಡು ಹುಣಸೆಮರ ಸುತ್ತಿ ಹೋದ.